ನನ್ನ ಹೆಸರಲ್ಲಿದ್ದ ವಿಮಾನ

ನಮ್ಮವರಿಗೆ ವಿಮಾನದ ಹುಚ್ಚು ಹಿಡಿದಾಗ ನಾವು ಕ್ಯಾಲಿಫೋರ್ನಿಯಾದ ವಾಲ್ನಟ್ ಕ್ರೀಕಿನಲ್ಲಿ ಮನೆ ಕೊಂಡು ಮೂರು ವರ್ಷವಾಗಿತ್ತು. ಎಂಬತ್ತರ ದಶಕದ ನಡುವಿನ ಮಾತು. ನಮ್ಮವರೆಂದರೆ ನನ್ನ ಗಂಡ, ಮೈಸೂರಿನವರು, ಕಂಪ್ಯೂಟರಿನ ಚಿಪ್ ಮಾಡುವ ಕಂಪನಿಯಲ್ಲಿ ಇಂಜಿನಿಯರು. ಆ ಕಾಲಕ್ಕೆ ನಮ್ಮ ಕನ್ನಡದ ಗಂಡಸರಿಗೆಲ್ಲ ಒಂದೊಂದು ಹುಚ್ಚು ಹಿಡಿಯುತ್ತಿತ್ತು. ಒಬ್ಬರು ಟೆನಿಸ್ ಆಡಲು ಹೋಗಿ ಮಂಡಿ ಕೆಡಿಸಿಕೊಂಡರು. ಇನ್ನೊಬ್ಬರು ವೈನು ಮಾಡುತ್ತೇನೆಂದು ಹೊರಟು ಗರಾಜಿನ ತುಂಬ ವಿನೆಗರ್ ಮಾಡಿಟ್ಟರು. ಅವೆಲ್ಲ ಅಗ್ಗದ ಹುಚ್ಚುಗಳು. ನಮ್ಮವರು ವಿಮಾನ ಹಾರಿಸಲು ಕಲಿತು ಲೈಸೆನ್ಸು ತೆಗೆದುಕೊಂಡರು. ಶನಿವಾರ ಬಾಡಿಗೆ ವಿಮಾನದಲ್ಲಿ ಒಂದು ಗಂಟೆ ಸುತ್ತಿ ಬಂದು, ವಾರವಿಡೀ ಅದನ್ನೇ ಹೇಳಿ ಹೇಳಿ ನಮ್ಮ ತಲೆ ತಿನ್ನುತ್ತಿದ್ದರು. ಅಷ್ಟಕ್ಕೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆ.

ಸ್ವಂತದ್ದು ಬೇಕೆನಿಸಿತು. ಕಾರ್ಖಾನೆಯಲ್ಲಿ ತಯಾರಾದ ವಿಮಾನ ಹಳೆಯದಾದರೂ ನಮ್ಮ ಕೈಗೆಟುಕುವಂತಿರಲಿಲ್ಲ. ಆಗ ಒಂದು ಸಂಜೆ ಕಣ್ಣರಳಿಸಿಕೊಂಡು ಬಂದರು. ಪಕ್ಕದ ಕಾಂಕರ್ಡ್ ಊರಿನ ಸಣ್ಣ ವಿಮಾನ ನಿಲ್ದಾಣದಲ್ಲಿ ಒಬ್ಬ ನಿವೃತ್ತ ದಂತವೈದ್ಯ ತಾನು ಮನೆಯಲ್ಲೇ ಕಟ್ಟಿದ ಎರಡು ಸೀಟಿನ ವಿಮಾನವನ್ನು ಮಾರುತ್ತಿದ್ದಾನಂತೆ.

"ಮನೇಲಿ ಕಟ್ಟಿದ್ದು ಅಂದ್ರೆ?" ಎಂದೆ.

"ಗರಾಜಲ್ಲಿ ಕಣೆ. ನಕ್ಷೆ ತರಿಸ್ಕೊಂಡು, ಫೋಮು ಕುಯ್ದು, ಮೇಲೆ ಫೈಬರ್‌ಗ್ಲಾಸ್ ಅಂಟಿಸಿ ಅಂಟಿಸಿ ಏಳು ವರ್ಷ ಕಟ್ಟಿದ್ದಾನೆ."

"ಹಲ್ಲಿನ ಡಾಕ್ಟರು?"

"ಹೂಂ. ಆ ಕೈ ಎಷ್ಟು ನಾಜೂಕು ಗೊತ್ತಾ?"

ಮನೆಯಲ್ಲಿ ಮಾಡಿದ ಹಪ್ಪಳ ಗೊತ್ತು, ಉಪ್ಪಿನಕಾಯಿ ಗೊತ್ತು, ಸಾರಿನ ಪುಡಿ ಗೊತ್ತು. ಮನೆಯಲ್ಲಿ ಮಾಡಿದ ವಿಮಾನ ನನಗೆ ಗೊತ್ತಿರಲಿಲ್ಲ. ಈ ದೇಶದಲ್ಲಿ ಬಾಲ್ಕನಿಗೊಂದು ಕಟಕಟೆ ಹಾಕಿಸಲು ಊರಿನ ಕಚೇರಿಗೆ ನಾಲ್ಕು ಸಲ ಅಲೆಯಬೇಕು. ವಿಮಾನ ಕಟ್ಟಿದರೆ ಮಾತ್ರ ಸರ್ಕಾರದವರು ಬಂದು ಒಮ್ಮೆ ನೋಡಿ, ಬಾಗಿಲ ಬಳಿ "ಪ್ರಾಯೋಗಿಕ" ಎಂದು ದಪ್ಪಕ್ಷರದಲ್ಲಿ ಬರೆಸಿ, ಕೆಲವು ಗಂಟೆ ಒಬ್ಬನೇ ಹಾರಿಸಿ ನೋಡು ಎಂದು ಹೇಳಿ ಹೋಗುತ್ತಾರೆ. ದಂತವೈದ್ಯ ಹಾರಿಸಿ ನೋಡಿದ್ದ, ಬದುಕಿದ್ದ. ಈಗ ಕಣ್ಣು ಮಂಜಾಗಿ ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾಗದೆ ಮಾರುತ್ತಿದ್ದ.

ಸಾಲಕ್ಕೆ ಬ್ಯಾಂಕಿಗೆ ಹೋದೆವು. ನಮ್ಮವರು ಸೂಟು ಹಾಕಿಕೊಂಡು ಹೋಗಿದ್ದರು. ಸಾಲ ಕೊಡುವ ಆಫೀಸರು ನಮ್ಮ ವಯಸ್ಸಿನವನೇ. ವಿಮಾನ ಎಂದಾಗ ನೆಟ್ಟಗೆ ಕೂತ. ತಯಾರಿಸಿದ ಕಂಪನಿ ಯಾವುದು ಎಂದು ಕೇಳಿದ. ನಮ್ಮವರು ದಂತವೈದ್ಯನ ಹೆಸರು ಹೇಳಿದರು. ಅವನಿಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಕೇಳಿದ. ಇವರು ಇನ್ನೊಮ್ಮೆ ಅದೇ ಹೆಸರು ಹೇಳಿದರು, ಕಾಗದಪತ್ರದಲ್ಲೂ ತಯಾರಕರೆಂದು ಅವನ ಹೆಸರೇ ಇತ್ತು. ಆಫೀಸರು ಹಳೆಯ ವಿಮಾನಗಳ ಬೆಲೆಯ ಪುಸ್ತಕವನ್ನು ತೆರೆದು, ದಂತವೈದ್ಯನನ್ನು ಅದರೊಳಗೆ ಹುಡುಕಿ, ಮುಚ್ಚಿಟ್ಟ. ಪುಸ್ತಕದಲ್ಲಿ ಇಲ್ಲದ್ದಕ್ಕೆ ಬೆಲೆ ಕಟ್ಟಲಾಗದು, ಬೆಲೆ ಕಟ್ಟಲಾಗದ್ದರ ಮೇಲೆ ಸಾಲ ಕೊಡಲಾಗದು ಎಂದ. ಎರಡನೆಯ ಬ್ಯಾಂಕಿನಲ್ಲೂ ಇದೇ ಕಥೆ. ಮೂರನೆಯ ಕಡೆ ದೋಣಿಗೆ ಕೊಡುತ್ತೇವೆ, ಚಕ್ರದ ಮೇಲಿನ ಮನೆಗೆ ಕೊಡುತ್ತೇವೆ, ಇದಕ್ಕಿಲ್ಲ ಎಂದರು.

ನನಗೆ ಖುಷಿಯಾಯಿತು. ಅದು ಬಹಳ ಹೊತ್ತು ಉಳಿಯಲಿಲ್ಲ. ಆ ಮೂರನೆಯವನು ಕುರ್ಚಿ ಮುಂದಕ್ಕೆಳೆದುಕೊಂಡು, ಬೆಣ್ಣೆಯಂಥ ದನಿಯಲ್ಲಿ, ನಿಮಗೆ ಸ್ವಂತ ಮನೆ ಇದೆಯಲ್ಲವೇ ಎಂದ. ಮನೆಯ ಮೇಲೆ ಎರಡನೆಯ ಅಡಮಾನ ಹಾಕಿದರೆ ಹಣ ಯಾತಕ್ಕೆ ಎಂದು ನಾವು ಕೇಳುವುದೂ ಇಲ್ಲ ಎಂದ. ವಿಮಾನ ಬಿದ್ದು ಪುಡಿಯಾದರೂ ಬ್ಯಾಂಕಿನ ಕೂದಲೂ ಕೊಂಕುವುದಿಲ್ಲ, ಮನೆ ಇರುತ್ತದೆ. ಇಷ್ಟು ಸಣ್ಣ ಲೆಕ್ಕ ನಮ್ಮವರ ದೊಡ್ಡ ತಲೆಗೆ ಹೊಳೆಯಲಿಲ್ಲ. ಆ ಕಾಲದ ಬಡ್ಡಿ ಬೇರೆ ಬೆಂಕಿ. ಇವರು ಲಾಟರಿ ಹೊಡೆದವರ ಹಾಗೆ ನನ್ನ ಮುಖ ನೋಡಿದರು, ಯಾಕೆಂದರೆ ನನ್ನ ಸಹಿಯೂ ಬೇಕಿತ್ತು.

ನಾನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಪಾಲಿಸಿ ಟೈಪು ಮಾಡುತ್ತಿದ್ದೆ. ಮನೆಗೆ ಬೆಂಕಿ ಬಿದ್ದರೆ, ಅಂಗಡಿಗೆ ನೀರು ನುಗ್ಗಿದರೆ, ಅಂಥವು. ದಿನವೂ ರೈಲಿನಲ್ಲಿ ಹೋಗಿ, ಕಂಪನಿ ಯಾವಯಾವುದಕ್ಕೆ ಹಣ ಕೊಡುವುದಿಲ್ಲ ಎಂಬುದನ್ನು ಸಂಜೆಯವರೆಗೆ ಟೈಪು ಮಾಡಿ ಬರುತ್ತಿದ್ದೆ. ಅದಕ್ಕೇ ಮನೆಗೆ ಬಂದು ಮೊದಲು ನಮ್ಮವರ ಜೀವವಿಮೆಯ ಪಾಲಿಸಿ ತೆಗೆದು ನೋಡಿದೆ. ಇದ್ದೇ ಇತ್ತು. ವಿಮಾನ ತಾನೇ ಹಾರಿಸುವಾಗ ಸತ್ತರೆ ಹೆಂಡತಿಗೆ ಚಿಕ್ಕಾಸೂ ಇಲ್ಲ. ಅಂದರೆ ಇವರು ಬಿದ್ದ ದಿನ ಇವರೂ ಇಲ್ಲ, ವಿಮೆಯೂ ಇಲ್ಲ, ಎರಡು ಅಡಮಾನದ ಮನೆ, ನನ್ನ ಟೈಪಿಂಗ್ ಸಂಬಳ, ಇಬ್ಬರು ಹೆಣ್ಣುಮಕ್ಕಳು. ಓದಿ ತೋರಿಸಿದೆ. "ನೀನು ಯಾವಾಗ್ಲೂ ಅಪಶಕುನಾನೇ ಮಾತಾಡ್ತೀಯ" ಎಂದರು.

ಎರಡು ವಾರ ಮುಖ ಊದಿಸಿಕೊಂಡು ಓಡಾಡಿದರು. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುವುದು, ನಾನು ಮಲಗಿದ ಮೇಲೆ ಎದ್ದು ಮೊಸರನ್ನ ತಿನ್ನುವುದು. ಕೊನೆಗೆ ಒಂದು ಷರತ್ತು ಹಾಕಿದೆ. ಇನ್ಶೂರೆನ್ಸ್ ಇಲ್ಲದೆ ಅದು ನೆಲ ಬಿಡಕೂಡದು, ಇನ್ಶೂರೆನ್ಸಿನವರು ಹಾಕಿದ ನಿಯಮವೊಂದೂ ಮುರಿಯಕೂಡದು. ಮಕ್ಕಳ ಮೇಲೆ ಆಣೆ ಮಾಡಿದರು. ಸಹಿ ಹಾಕಿದೆ.

ಆಮೇಲೆ ಮೈಸೂರಿನಿಂದ ಫೋನು ಬಂತು. ನಮ್ಮತ್ತೆ ಜೋಯಿಸರ ಹತ್ತಿರ ಹೋಗಿದ್ದರಂತೆ. ಮಗನಿಗೆ ಸಾಡೇಸಾತಿ ನಡೆಯುತ್ತಿದೆ, ವಾಹನ ಅವನ ಹೆಸರಲ್ಲಿ ತೆಗೆದುಕೊಳ್ಳುವುದು ಬೇಡ, "ನಿನ್ನ ಹೆಸರಲ್ಲಿ ಮಾಡಿಸಮ್ಮಾ, ನಿನ್ನ ಜಾತಕ ಗಟ್ಟಿ" ಎಂದರು. ಜಾತಕವೆಂದರೆ ಮೂಗು ಮುರಿಯುವ ನಮ್ಮ ವಿಜ್ಞಾನಿಗಳು ಈ ಮಾತಿಗೆ ತುಟಿ ಪಿಟಕ್ಕೆನ್ನದೆ ಒಪ್ಪಿಕೊಂಡರು. ಇದಕ್ಕೆ ಕಾನೂನಿನ ಬೆಂಬಲವನ್ನೂ ಕೊಟ್ಟವರು ಇವರ ಗೆಳೆಯರೊಬ್ಬರು, ಹಾಸನದ ಡಾಕ್ಟರು. ಆಪರೇಷನ್ನಿಗೆ ಮುಂಚೆ ರೋಗಿಗೆ ಅರಿವಳಿಕೆ ಕೊಡುವುದು ಅವರ ಕೆಲಸ. ಆ ಕೆಲಸವನ್ನು ಅವರು ಸೂಜಿಯಿಲ್ಲದೆ ಬರೀ ಮಾತಿನಲ್ಲೂ ಮಾಡಬಲ್ಲರು. "ಹೆಂಡತಿ ಹೆಸರಲ್ಲಿದ್ರೆ ಸೇಫು ಕಣ್ರೀ. ನಾಳೆ ಏನಾದ್ರೂ ಆಗಿ ಯಾರಾದ್ರೂ ಕೇಸು ಹಾಕಿದ್ರೆ ನಿಮ್ಮ ಮೇಲೆ ಬರಲ್ಲ" ಎಂದು ಮಸಾಲೆದೋಸೆ ಮುರಿಯುತ್ತ ಹೇಳಿದರು. ಹಾಗಾದರೆ ಕೇಸು ಯಾರ ಮೇಲೆ ಬರುತ್ತದೆ ಎಂದು ಎರಡನೆಯ ದೋಸೆ ತಂದ ನಾನು ಕೇಳಿದೆ. ಚಟ್ನಿ ಚೆನ್ನಾಗಿದೆ ಎಂದರು. ಅಂತೂ ಕ್ರಯಪತ್ರ ನನ್ನ ಹೆಸರಿಗಾಯಿತು. ಸೈಕಲ್ ತುಳಿಯಲೂ ಬಾರದ ನಾನು ವಿಮಾನದ ಒಡತಿಯಾದೆ.

ಇನ್ಶೂರೆನ್ಸಿಗೆ ಫೋನು ಮಾಡಿದವಳೂ ನಾನೇ. ಆ ಏಜೆಂಟು ಮೊದಲು ಕೇಳಿದ್ದು, ನಿಮ್ಮ ಪೈಲಟ್ಟು ಈ ಜಾತಿಯ ವಿಮಾನವನ್ನು ಎಷ್ಟು ಗಂಟೆ ಹಾರಿಸಿದ್ದಾರೆ ಎಂದು. ಒಂದು ಗಂಟೆಯೂ ಇಲ್ಲ ಎಂದೆ. ಹಾಗಾದರೆ ಮೊದಲು ಶಿಕ್ಷಕರ ಜೊತೆ ಹತ್ತು ಗಂಟೆ ಹಾರಿಸಲಿ, ಅಲ್ಲಿಯವರೆಗೆ ಬೇರೆ ಯಾರನ್ನೂ ಕೂರಿಸುವ ಹಾಗಿಲ್ಲ ಎಂದ. ಶಿಕ್ಷಕರನ್ನು ಹುಡುಕಿದರೆ, ಇನ್ಶೂರೆನ್ಸ್ ಇಲ್ಲದ ವಿಮಾನದಲ್ಲಿ ಕೂರುವುದಿಲ್ಲ ಎಂದು ಅವರು. ಹಾರಿಸದೆ ವಿಮೆ ಇಲ್ಲ, ವಿಮೆ ಇಲ್ಲದೆ ಹಾರಿಸುವ ಹಾಗಿಲ್ಲ. ಬೇರೆಯವರಿಗೆ ಹಾನಿಯಾದರೆ ಕೊಡುವ ವಿಮೆಯನ್ನು ಕೊನೆಗೆ ಅಂತೂ ಇಂತೂ, ಹತ್ತು ಗಂಟೆಯ ನಿಯಮವನ್ನು ಹಾಗೇ ಇಟ್ಟು, ಬರೆದುಕೊಟ್ಟ. ವಿಮಾನಕ್ಕೇ ಏನಾದರೂ ಆದರೆ ಎಂದು ಕೇಳಿದೆ. ಅದು ನೆಲದ ಮೇಲೆ, ಇಂಜಿನ್ ನಿಲ್ಲಿಸಿ, ಅಲ್ಲಾಡದೆ ಇರುವಾಗ ಏನಾದರೂ ಆದರೆ ಕೊಡುತ್ತೇವೆ ಎಂದ. ಹಾರುವ ವಸ್ತುವಿಗೆ ಹಾರದಿರುವಾಗಿನ ವಿಮೆ! ಆದರೂ ನಮ್ಮ ಮನೆಯ ಗಂಡಸರಿಗಿಂತ ಅವನೇ ವಾಸಿ, ಕಂಡದ್ದನ್ನು ಕಂಡ ಹಾಗೆ ಹೇಳಿದ. ಪಾಲಿಸಿ ನನ್ನ ಹೆಸರಿಗೆ ಬಂತು, ಮಾಲೀಕರ ಅನುಮತಿ ಪಡೆದ ಪೈಲಟ್ಟೇ ಹಾರಿಸಬೇಕು ಎಂಬ ಸಾಲಿನ ಸಮೇತ.

ಮಿಲಿಟರಿಯಲ್ಲಿದ್ದ ಶಿಕ್ಷಕನೊಬ್ಬ ಸಿಕ್ಕಿ, ನಮ್ಮವರು ಮೂರು ಗಂಟೆ ಕಲಿತರು. ಮೂರು ಗಂಟೆ ಮುಗಿಯುವಷ್ಟರಲ್ಲಿ ಡಾಕ್ಟರು ಒಂದು ಭಾನುವಾರ ಗೊತ್ತುಮಾಡಿ, ವಾಹನ ಪೂಜೆ ಮಾಡಿ ಮೊದಲ ಸವಾರಿ ನೋಡೋಣ ಎಂದು ನಾಲ್ಕು ಸಂಸಾರಗಳನ್ನು ಕರೆದುಬಿಟ್ಟಿದ್ದರು. ಪುಳಿಯೋಗರೆ ಡಬ್ಬಿ, ಮಡಚುವ ಕುರ್ಚಿ, ಕ್ಯಾಮೆರಾ ಎಲ್ಲ ಬಂದವು. ವಿಮಾನ ಮಾತ್ರ ಮೂಗನ್ನು ನೆಲಕ್ಕೆ ಊರಿಕೊಂಡು ನಿಂತಿತ್ತು. ಒಳಗೆ ಯಾರೂ ಕೂರದಿದ್ದಾಗ ಅದು ಹಾಗೇ ನಿಲ್ಲುವುದಂತೆ. ರೆಕ್ಕೆಗಳು ಹಿಂದೆ, ಗರಗರ ತಿರುಗುವ ಪಂಖ ಇನ್ನೂ ಹಿಂದೆ. ಡಾಕ್ಟರು ಕುಂಕುಮ ಹಚ್ಚಿ, ತೆಂಗಿನಕಾಯಿಯನ್ನು ಅದರ ಮೂಗಿಗೇ ಕುಟ್ಟಿ ಒಡೆಯಲು ಕೈ ಎತ್ತಿದಾಗ, ಪೂಜೆ ನೋಡಲು ಬಂದಿದ್ದ ದಂತವೈದ್ಯ ಕಿರುಚಿಕೊಂಡು ಓಡಿಬಂದ. ಕಾಯನ್ನು ಕಾಂಕ್ರೀಟಿಗೆ ಒಡೆದರು.

ಅಷ್ಟರಲ್ಲಿ ತಿರುಗಿ ನೋಡಿದರೆ, ಎಂಟು ವರ್ಷದ ನನ್ನ ಹಿರಿಯ ಮಗಳು ಹಿಂದಿನ ಸೀಟಿನಲ್ಲಿ ದಿಂಬಿನ ಮೇಲೆ ಕೂತಿದ್ದಾಳೆ, ಬೆಲ್ಟು ಬಿಗಿದಾಗಿದೆ. ಇದು ಹವ್ಯಾಸಿಯೊಬ್ಬ ಕಟ್ಟಿದ ವಿಮಾನ, ಸುರಕ್ಷತೆಯ ಮಾಮೂಲಿ ನಿಯಮಗಳಿಗೆ ಒಳಪಟ್ಟಿಲ್ಲ ಎಂದು ಎದುರಿಗೆ ಅಂಟಿಸಿದ್ದ ಫಲಕವನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ, ಸ್ಕೂಲಿನ ಪದ್ಯದ ಹಾಗೆ ಓದುತ್ತಿದ್ದಾಳೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ.

"ಅವಳನ್ನ ಇಳಿಸಿ" ಎಂದೆ.

"ಒಂದೇ ರೌಂಡು, ಮೇಡಂ. ಡಯಾಬ್ಲೋ ಬೆಟ್ಟ ಸುತ್ತಿ ವಾಪಸ್" ಎಂದರು ಡಾಕ್ಟರು. ನಮ್ಮವರು ರೆಕ್ಕೆಯನ್ನು ಸವರುತ್ತಿದ್ದರು.

"ಹತ್ತು ಗಂಟೆ ಆಗಿಲ್ಲ. ಇವತ್ತು ಇದು ಹಾರೋದೇ ಇಲ್ಲ. ಮಾಲೀಕರ ಅನುಮತಿ ಬೇಕು, ನಾನು ಕೊಡ್ತಿಲ್ಲ."

"ಅಯ್ಯೋ, ಮಾಲೀಕರು ಅಂದ್ರೆ ಹೆಸರಿಗೆ ತಾನೆ!" ಎಂದು ಡಾಕ್ಟರು ನಕ್ಕರು. ಉಳಿದವರೂ ನಕ್ಕರು.

"ಶನಿಗೆ ಹೆದರಿ ನನ್ನ ಹೆಸರಿಗೆ ಮಾಡಿಸಿದ್ರಲ್ಲ, ಈಗ ನನಗೂ ಸ್ವಲ್ಪ ಹೆದರಿ."

ನಾನೇ ಹೋಗಿ ಬೆಲ್ಟು ಬಿಚ್ಚಿ ಮಗಳನ್ನು ಎತ್ತಿಕೊಂಡೆ. ಅವಳು ಕಾಲು ಝಾಡಿಸಿ, ನೀನು ಎಲ್ಲದನ್ನೂ ಹಾಳುಮಾಡುತ್ತೀಯ ಎಂದು ಇಂಗ್ಲಿಷಿನಲ್ಲಿ ಅತ್ತಳು. ಹೆಂಗಸರು ಪುಳಿಯೋಗರೆ ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡುತ್ತ ನನ್ನ ಕಡೆ ನೋಡದಿರಲು ಬಹಳ ಕಷ್ಟಪಟ್ಟರು. ಗಂಡನ ಮರ್ಯಾದೆ ಕಳೆದವಳು ಎಂಬ ಬಿರುದು ಅವತ್ತೇ ಬಂತು, ಇನ್ನೂ ಇದೆ.

ಮುಂದಿನ ತಿಂಗಳು ನಾನು ಅದನ್ನು ಮಾರಿದೆ. ಸ್ಯಾಕ್ರಮೆಂಟೋದ ಕಡೆಯವನೊಬ್ಬ, ಕೊಂಡದ್ದಕ್ಕಿಂತ ಕಡಿಮೆಗೆ, ಆದರೆ ಸಾಲವಿಲ್ಲದೆ ತೆಗೆದುಕೊಂಡು ಹೋದ. ಅವನ ಚೆಕ್ಕನ್ನು ನೇರವಾಗಿ ಬ್ಯಾಂಕಿಗೆ ಕಟ್ಟಿದೆ. ಬಿದ್ದ ಕೊರತೆಯನ್ನು ನನ್ನ ಟೈಪಿಂಗ್ ಸಂಬಳದಲ್ಲಿ ತೀರಿಸಿದೆ. ನಮ್ಮವರು ಒಂದು ಮಾತೂ ಎದುರಾಡಲಿಲ್ಲ. ಸಂಸಾರಕ್ಕೋಸ್ಕರ ಹಾರುವುದನ್ನೇ ಬಿಟ್ಟೆ ಎಂದು ಈಗಲೂ ಊಟಕ್ಕೆ ಬಂದವರ ಮುಂದೆ ಹೇಳುತ್ತಾರೆ, ಬಂದವರು ಇವರ ತ್ಯಾಗಕ್ಕೆ ತಲೆದೂಗುತ್ತಾರೆ.

ಅವರು ಯಾಕೆ ಎದುರಾಡಲಿಲ್ಲ ಎಂಬುದು ನನಗೆ ಆ ಭಾನುವಾರವೇ ಗೊತ್ತಾಗಿತ್ತು. ವಾಪಸ್ ಬರುವಾಗ ಕಾರಿನಲ್ಲಿ ಜಗಳಕ್ಕೆ ಸಿದ್ಧವಾಗಿ ಕೂತಿದ್ದೆ. ಇವರು ಜಗಳವಾಡಲಿಲ್ಲ. ಫ್ರೀವೇಗೆ ಬಂದ ಮೇಲೆ ಸಣ್ಣಗೆ ಗುನುಗತೊಡಗಿದರು. ಹಸಿವಾಗುತ್ತಿದೆ ಎಂದರು. ದಾರಿಯಲ್ಲಿ ನಿಲ್ಲಿಸಿ ಎಲ್ಲರಿಗೂ ಐಸ್‌ಕ್ರೀಮು ಕೊಡಿಸಿ, ತಾವೂ ಎರಡು ತಿಂದರು. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ಕಳೆ ಕಂಡಿತು. ಆಮೇಲೆ, ರಸ್ತೆ ನೋಡುತ್ತಲೇ ಹೇಳಿದರು:

"ಸದ್ಯ, ನೀನು ಬೇಡ ಅಂದೆ. ನಂಗೆ ಬೆಳಗ್ಗೆಯಿಂದ ಭಯ ಆಗ್ತಿತ್ತು ಕಣೆ. ಇಳಿಸೋದು ಇನ್ನೂ ಸರಿಯಾಗಿ ಬರ್ತಿಲ್ಲ."

"ಮತ್ತೆ ಹೇಳಕ್ಕೇನಾಗಿತ್ತು ನಿಮಗೆ?"

"ಅಷ್ಟು ಜನ ಬಂದಿದ್ರಲ್ಲ. ಅವರ ಮುಂದೆ ಹೇಗೆ ಹೇಳೋದು?"

ಹಿಂದಿನ ಸೀಟಿನಲ್ಲಿ ಮಗಳು ಐಸ್‌ಕ್ರೀಮು ನೆಕ್ಕುವುದನ್ನು ನಿಲ್ಲಿಸಿದಳು. ಅವಳಿಗೆ ಕನ್ನಡ ಆಡಲು ಬಾರದು, ಅರ್ಥವಾಗುತ್ತದೆ. ಹಾಗಾದರೆ ನನ್ನನ್ನು ಯಾಕೆ ಕೂರಿಸಿದೆ ಎಂದು ಅಪ್ಪನನ್ನು ಇಂಗ್ಲಿಷಿನಲ್ಲಿ ಕೇಳಿದಳು. ಅಪ್ಪ ರೇಡಿಯೋ ಹಾಕಿದರು.

ಹುಚ್ಚಿಗೆ ಮನೆ ಅಡವಿಟ್ಟವರನ್ನು ನಾನು ಕ್ಷಮಿಸಿದ್ದೇನೆ. ಪುಳಿಯೋಗರೆ ತಿನ್ನಲು ಬಂದ ನಾಲ್ಕು ಮನೆಯವರ ಮುಂದೆ ತಮಗೆ ಭಯ ಎಂದು ಹೇಳಲು ನಾಚಿಕೊಂಡು, ನನ್ನ ಮಗಳನ್ನು ಬೆನ್ನ ಹಿಂದೆ ಕೂರಿಸಿಕೊಂಡು ಹಾರಲು ಹೊರಟವರನ್ನು ಇವತ್ತಿಗೂ ಕ್ಷಮಿಸಿಲ್ಲ.