ಪಂಕ್ತಿಯಿಂದ ಎದ್ದ ಓರಗಿತ್ತಿ

ನನ್ನ ಓರಗಿತ್ತಿಯ ಮುಂದಿನೆರಡು ಹಲ್ಲುಗಳ ನಡುವೆ ಒಂದು ಸಂದು. ‘ಥ್ಯಾಂಕ್ಸ್’ ಅನ್ನುವಾಗ ಆ ಸಂದಿನಲ್ಲಿ ನಾಲಗೆಯ ತುದಿ ಚೂರೇ ಚೂರು ಇಣುಕುತ್ತಿತ್ತು. ಅದನ್ನು ನೋಡಲೆಂದೇ ನಮ್ಮ ಕೊರಟಗೆರೆಯ ಮನೆಯಲ್ಲಿ ಎಲ್ಲರೂ ಅವಳ ಕೈಗೆ ಏನಾದರೊಂದು ಕೊಡುತ್ತಿದ್ದರು.

ನನ್ನ ಮೈದುನನ ಹೆಂಡತಿ. ತುಮಕೂರಿನಲ್ಲಿ ಇಂಗ್ಲಿಷ್ ದೊರೆಸಾನಿಯರ ಶಾಲೆಯಲ್ಲಿ ಓದಿ ಬಂದವಳು. ಕಾಲು ತಗುಲಿದರೆ ‘ಸಾರಿ’, ಉಪ್ಪು ಬೇಕಾದರೆ ‘ಪ್ಲೀಸ್’, ನಡುವೆ ಹಾದುಹೋಗಬೇಕಾದರೆ ‘ಎಕ್ಸ್‌ಕ್ಯೂಸ್ ಮಿ’. ನಾನು ಹೊಳವನಹಳ್ಳಿಯವಳು, ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಗೊತ್ತು, ಅಷ್ಟೆ.

ಅತ್ತೆ ಮೊದಮೊದಲು, “ನೀರು ಕೊಟ್ಟಿದ್ಕೂ ತ್ಯಾಂಕ್ಸಾ? ನಾನೇನು ಹೊರಗಿನೋಳೇನವ್ವಾ?” ಎಂದು ಗದರಿದರು. ತಿಂಗಳೊಳಗೆ ಅವರೇ ಬಾವಿಕಟ್ಟೆಯಲ್ಲಿ, “ನಮ್ ಚಿಕ್ಕ ಸೊಸೆ ಮ್ಯಾನರ್ಸ್ ನೋಡ್ಬೇಕು ಕಣಮ್ಮ” ಎನ್ನತೊಡಗಿದರು. ನನ್ನ ಯಜಮಾನರೂ, “ಅವಳ್ನ ನೋಡಿ ಕಲ್ತ್ಕೋ” ಅಂದರು. ಅಷ್ಟು ವರ್ಷ ಒಲೆ ಊದಿದವಳಿಗೆ ಹೊಗೆ, ನಿನ್ನೆ ಬಂದವಳಿಗೆ ಹೊಗಳಿಕೆ. ಹೊಟ್ಟೆ ಉರಿಯದೆ ಇರುತ್ತದೆಯೇ? ಆದರೂ ಬೆಳಿಗ್ಗೆ ವಿಭೂತಿ ಇಟ್ಟುಕೊಳ್ಳುವಾಗ, ಕೈಕಾಲು ಗಟ್ಟಿಯಿದೆ, ಎಮ್ಮೆ ಹಾಲು ಕೊಡುತ್ತಿದೆ, ಬಾವಿಯಲ್ಲಿ ನೀರಿದೆ, ಇಷ್ಟಾದರೂ ಕೊಟ್ಟಿದ್ದೀಯಲ್ಲ ಶಿವನೇ ಎಂದುಕೊಳ್ಳುತ್ತಿದ್ದೆ.

ಒಂದು ಶ್ರಾವಣ ಸೋಮವಾರ ಅಮಲ್ದಾರರ ಹೆಂಡತಿ ಊಟಕ್ಕೆ ಬಂದರು. ಹೋಳಿಗೆ ನಾನೇ ತಟ್ಟಿದ್ದು, ಬೆಳಗಿನಿಂದ ಉಪವಾಸ. ಗಂಡಸರದಾದ ಮೇಲೆ ಹೆಂಗಸರ ಪಂಕ್ತಿ ಕೂತಿತು. ನಮ್ಮಲ್ಲಿ ಹಿರಿಯರು ಏಳದೆ ಪಂಕ್ತಿಯಿಂದ ಯಾರೂ ಏಳುವಂತಿಲ್ಲ. ಎದ್ದವರು ಮತ್ತೆ ಆ ಎಲೆಗೆ ಕೂರುವಂತಿಲ್ಲ. ತುಪ್ಪ ಬಡಿಸುತ್ತಿದ್ದ ನನಗೆ ಕಣ್ಣು ಕತ್ತಲಿಟ್ಟಿತು, ಕಂಬ ಹಿಡಿದುಕೊಂಡೆ. ಯಾರೂ ತಲೆಯೆತ್ತಲಿಲ್ಲ. ಅವಳು ಮಾತ್ರ “ಎಕ್ಸ್‌ಕ್ಯೂಸ್ ಮಿ” ಅಂದವಳೇ ಎದ್ದುಬಿಟ್ಟಳು! ಎಲೆಯಲ್ಲಿದ್ದ ಹೋಳಿಗೆಯನ್ನು ಮುರಿದಿರಲೂ ಇಲ್ಲ.

“ಕೂತ್ಕೊಳೇ, ಪಂಕ್ತಿ ಕೆಡಿಸ್ಬ್ಯಾಡ!” ಅತ್ತೆ ಪಿಸುಗುಟ್ಟಿದರು.

ಅವಳು ಕೈ ತೊಳೆದು ಬಂದು ನನ್ನ ಕೈಯಿಂದ ತುಪ್ಪದ ಗಿಂಡಿ ಕಸಿದುಕೊಂಡಳು. “ಪ್ಲೀಸ್ ಅಕ್ಕ, ನೀವು ಕೂತ್ಕೊಳ್ಳಿ.”

“ನಿನ್ ಊಟ ಹೋಯ್ತಲ್ಲೇ ತಾಯಿ!” ಎಂದೆ.

“ಹೋದ್ರೆ ಹೋಗ್ಲಿ ಬಿಡಿ.”

ಪಂಕ್ತಿಯ ಕೊನೆಯಲ್ಲಿ ನನಗೊಂದು ಎಲೆ ಹಾಕಿದಳು. ಆ ಮನೆಯಲ್ಲಿ ಮೊದಲ ಸಲ ಬಿಸಿ ಹೋಳಿಗೆ ತಿಂದೆ. ಅಮಲ್ದಾರರ ಹೆಂಡತಿ, “ಎಂಥಾ ಮ್ಯಾನರ್ಸ್ ಈ ಹುಡುಗೀದು!” ಎಂದರು. ಹೋಳಿಗೆಯ ಬಗ್ಗೆ ಒಂದು ಮಾತಿಲ್ಲ. ಹೊಟ್ಟೆ ತುಂಬಿತು, ಉರಿ ಆರಲಿಲ್ಲ.

ಕೆಲವು ವರ್ಷಗಳ ಮೇಲೆ ಚಳಿಜ್ವರ ಅವಳನ್ನು ಒಯ್ದಿತು. ಗಂಜಿ ಕುಡಿಸುವಾಗಲೂ ಗುಟುಕಿಗೊಂದು ಥ್ಯಾಂಕ್ಸ್. “ಸುಮ್ಕೆ ಕುಡಿಯವ್ವ, ಉಸ್ರು ದಂಡ ಮಾಡ್ಬ್ಯಾಡ” ಎಂದು ಗದರಿದೆ. ಹೋದ ದಿನ ಬೀದಿಗೆ ಬೀದಿಯೇ ಅವಳ ಮಾತು ನೆನೆದು ಅತ್ತಿತು. ನಾನು ಸತ್ತರೆ ಇಷ್ಟು ಜನ ಅಳುತ್ತಾರೆಯೇ ಎಂದು ಅಲ್ಲೂ ಅನ್ನಿಸಿತು, ಅಳುತ್ತಲೇ ಅನ್ನಿಸಿತು.

ನಾನು ಅತ್ತೆಯಾದ ಮೇಲೆ, ಅಡುಗೆ ಮಾಡಿದವಳಿಗೇ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿಸುತ್ತಿದ್ದೇನೆ. “ನಮ್ಮತ್ತೇದು ದೊಡ್ಡ ಮನಸ್ಸು ಕಣಕ್ಕ” ಎಂದು ಸೊಸೆಯಂದಿರು ಕಂಡಕಂಡವರಿಗೆ ಹೇಳುತ್ತಾರೆ. ಇದು ಯಾರಿಂದ ಬಂದದ್ದೆಂದು ನಾನು ಅವರ ಮುಂದೆ ಬಾಯಿ ಬಿಟ್ಟಿಲ್ಲ. ಅವಳಿಗೆ ಸಿಕ್ಕ ಹೊಗಳಿಕೆ ಸಾಲದೇ? ಇದೊಂದು ನನಗಿರಲಿ.