ದೀಪ ಮುಟ್ಟಿದ ಹಿಂದಿ ಟೀಚರು

ರೇಡಿಯೊ ಆರಿಸಿ ನಮ್ಮ ಕಡೆ ತಿರುಗಿದಾಗ ಹಿಂದಿ ಟೀಚರ ಎಡಗೆನ್ನೆಯ ಮೇಲೆ ಅದರ ಜಾಲರಿಯ ಗುರುತು ಚೌಕಚೌಕವಾಗಿ ಮೂಡಿರುತ್ತಿತ್ತು. ಅಷ್ಟು ಒತ್ತಿಕೊಂಡು ಕೇಳುತ್ತಿದ್ದರು. ಚನ್ನಗಿರಿಯಲ್ಲಿ ಕೂತು ಜಪಾನಿನ ಸ್ಟೇಷನ್ನು ಹಿಡಿಯುವುದೆಂದರೆ ಹುಡುಗಾಟವೇ? ಏರಿಯಲ್ ತಂತಿಯನ್ನು ಕಿಟಕಿಯಾಚೆ ಎಳೆದು, ಅದರ ತುದಿ ಹಿಡಿದುಕೊಂಡು ನಮ್ಮಲ್ಲೊಬ್ಬಳು ಹಿತ್ತಲಲ್ಲಿ ನಿಲ್ಲಬೇಕಿತ್ತು. ಅವಳು ಕೈ ಅಲ್ಲಾಡಿಸಿದರೆ ಜಪಾನು ಹೋಗಿ ಬರೀ ಗೊರಗೊರ ಸದ್ದು.

ಅವರು ಹೊನ್ನಾಳಿ ಕಡೆಯವರು. ನಮ್ಮ ಜೂನಿಯರ್ ಕಾಲೇಜಿನ ಹೈಸ್ಕೂಲು ವಿಭಾಗಕ್ಕೆ ಹಿಂದಿ ಹೇಳಿಕೊಡಲು ಬಂದು, ನಮ್ಮ ಮನೆಯಿಂದ ಎರಡು ಮನೆ ಆಚೆ ಬಾಡಿಗೆಗಿದ್ದರು. ಸಂಜೆ ನಾವು ನಾಲ್ಕಾರು ಹುಡುಗಿಯರು ಅವರಲ್ಲಿಗೆ ಟ್ಯೂಷನ್ನಿಗೆ ಹೋಗುತ್ತಿದ್ದೆವು. ಜಪಾನಿನ ಆ ಸ್ಟೇಷನ್ನಿನವರು ಹಿಂದಿಯಲ್ಲೂ ಒಂದು ಕಾರ್ಯಕ್ರಮ ಕೊಡುತ್ತಿದ್ದರು. ತಮ್ಮ ದೇಶದ ಹೊಸ ಹಾಡು ಹಾಕಿ, ಅದರ ಅರ್ಥವನ್ನು ಹಿಂದಿಯಲ್ಲಿ ಬಿಡಿಸಿ ಹೇಳುವರು. ಹಿಂದಿ ಕಿವಿಗೆ ಬೀಳಲಿ ಎಂದು ಟೀಚರು ನಮಗೆ ಕೇಳಿಸುತ್ತಿದ್ದರು. ಮಧ್ಯೆ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಕಲಸಿ ಮೊರದ ತುಂಬ ಸುರಿದಿಡುವರು. ತಪ್ಪು ಉತ್ತರ ಹೇಳಿದವಳಿಗೆ ಬರೀ ಮೆಣಸಿನಕಾಯಿ. "ಮೊದ್ದುಗಳಾ, ತಪ್ಪಾದ್ರೂ ಪರವಾಗಿಲ್ಲ, ಬಾಯಿ ಬಿಡ್ರೇ" ಎನ್ನುವುದು ಅವರ ಮಂತ್ರ.

ಆ ಹಾಡುಗಳೋ, ದೇವರಾಣೆಗೂ ಎಲ್ಲವೂ ಒಂದೇ ಕಥೆ. ಒಂದು ಸ್ಕೂಲು, ಒಬ್ಬಳು ಹುಡುಗಿ, ಅವಳಿಗಿಂತ ಮೇಲಿನ ಕ್ಲಾಸಿನ ಒಬ್ಬ ಹುಡುಗ. ಅವನು ಚೆಂಡಾಡುವುದನ್ನು ಇವಳು ಕಿಟಕಿಯಿಂದ ನೋಡುತ್ತಾಳೆ. ಅವನು ಓದು ಮುಗಿಸಿ ಹೊರಟೇಹೋಗುತ್ತಾನೆ. ಇವಳ ಬಾಯಿಂದ ಮಾತೇ ಹೊರಡುವುದಿಲ್ಲ. ನಾನು ಮಾತ್ರ ಒಂದು ಪದವನ್ನೂ ಬಿಡದೆ ಕೇಳುತ್ತಿದ್ದೆ. ಏಕೆಂದರೆ ಅಂಥವನೊಬ್ಬ ನನಗೂ ಇದ್ದ. ನಾನು ಎಸ್ಸೆಸ್ಸೆಲ್ಸಿ, ಅವನು ಅದೇ ಕಾಂಪೌಂಡಿನ ಸೆಕೆಂಡ್ ಪಿಯುಸಿ. ವಾಲಿಬಾಲ್ ಆಡುತ್ತಿದ್ದ. ಎರಡು ವರ್ಷದಲ್ಲಿ ನನ್ನೊಂದಿಗೆ ಅವನಾಡಿದ್ದು "ಚೆಂಡು ಇತ್ಲಾಗೆ ಎಸಿ" ಎಂಬ ಒಂದೇ ಮಾತು. ಅಷ್ಟಕ್ಕೇ ನಾನು ಅರ್ಧ ಸತ್ತಿದ್ದೆ.

ಒಂದು ಸಂಜೆಯ ಹಾಡಿನಲ್ಲಿ ಹುಡುಗಿ ಕಡೆಗೂ ಬಾಯಿ ಬಿಟ್ಟಳು. ಓದು ಮುಗಿಸಿ ಹೊರಟವನ ಬಳಿ ಓಡಿಹೋಗಿ, ಅವನ ಅಂಗಿಯ ಎರಡನೇ ಗುಂಡಿ ಕೇಳಿದಳು. ಅಲ್ಲಿ ಹಾಗೊಂದು ಪದ್ಧತಿಯಂತೆ. ಟೀಚರು ನಗುತ್ತ, "ಎದೆಗೆ ಹತ್ರ ಇರೋ ಗುಂಡಿ ಅದು, ಅದ್ಕೇ. ನಮ್ಮೂರಾಗೆ ಕೇಳಿದ್ರೆ ಚಪ್ಪಲಿ ಸಿಗ್ತೈತೆ ಅಷ್ಟೆ" ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಪಿಯುಸಿಯವರ ಬೀಳ್ಕೊಡುಗೆಯ ದಿನ ನೀರಿನ ಟ್ಯಾಂಕಿನ ಹತ್ತಿರ ಅವನೊಬ್ಬನೇ ಸಿಕ್ಕ. ಕೇಳಿಯೇಬಿಟ್ಟೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ತಲೆ ಕೆರೆದುಕೊಂಡು, ಗುಂಡಿಯನ್ನು ಕಿತ್ತು ಕೈಗೆ ಹಾಕಿದ. ಯಾಕೆಂದೂ ಕೇಳಲಿಲ್ಲ. ಅಂಥ ಪೆದ್ದನನ್ನೇ ನಾನು ಮೆಚ್ಚಿದ್ದು, ಏನು ಮಾಡಲಿ.

ವಾರ ಕಳೆಯುವುದರೊಳಗೆ ಅವನಿಗೆ ಕಾಮಾಲೆಯಾಯಿತು. ಕಣ್ಣೆಲ್ಲ ಹಳದಿ, ಪರೀಕ್ಷೆ ಹತ್ತಿರ. ಅವನ ತಾಯಿ ಅಂಗಿ ಒಗೆಯುವಾಗ ಎದೆಯ ಮೇಲಿನ ಗುಂಡಿ ಇಲ್ಲದ್ದನ್ನು ಕಂಡರು. ಕೇಳಿದ್ದಕ್ಕೆ ಅವನು ನನ್ನ ಹೆಸರು ಹೇಳಿದ. ಮೈಮೇಲಿನ ಕೂದಲು, ಉಗುರು, ಬಟ್ಟೆಯ ಚೂರು ಒಯ್ಯುವವರು ಯಾತಕ್ಕೆ ಒಯ್ಯುತ್ತಾರೆ? ನಮ್ಮ ಕಡೆ ಮಕ್ಕಳಿಗೂ ಗೊತ್ತು, ಮಾಟಕ್ಕೆ.

ಮರುದಿನ ಬೆಳಿಗ್ಗೆಯೇ ಆ ತಾಯಿ ಇಬ್ಬರು ಹಿರಿಯರನ್ನು ಕರೆದುಕೊಂಡು ನಮ್ಮ ಪಡಸಾಲೆಯಲ್ಲಿ ಬಂದು ಕೂತರು. ಅಜ್ಜಿ ದೇವರ ಮನೆಯಿಂದ ಹಚ್ಚಿದ ದೀಪ ತಂದಿಟ್ಟಳು. ಗುಂಡಿ ಯಾತಕ್ಕೆ ಬೇಕಾಗಿತ್ತೆಂದು ದೀಪ ಮುಟ್ಟಿ ಹೇಳಬೇಕು, ಅಷ್ಟೆ. ಆ ಅಷ್ಟೆಯಲ್ಲೇ ನನ್ನ ಪ್ರಾಣ ಸಿಕ್ಕಿಕೊಂಡಿತ್ತು. ಹೇಳದಿದ್ದರೆ ನಾನು ಮಾಟಗಾತಿ. ನಿಜ ಹೇಳಿದರೆ ಅದಕ್ಕಿಂತ ಕೇಡು. ಹುಡುಗನ ಮೇಲೆ ಮನಸ್ಸಿಟ್ಟವಳನ್ನು ಮತ್ತೆ ಯಾರು ಸ್ಕೂಲಿಗೆ ಕಳಿಸುತ್ತಾರೆ? ಅಪ್ಪ ಆಗಲೇ ಹೇಳಿಯಾಗಿತ್ತು, ಪರೀಕ್ಷೆಯೂ ಬೇಡ ಗಿರೀಕ್ಷೆಯೂ ಬೇಡ, ಸೋದರಮಾವನಿಗೆ ಕಟ್ಟಿಬಿಡೋಣ ಎಂದು. ಮಾವನಿಗೆ ಆಗಲೇ ತಲೆ ನರೆತಿತ್ತು. ಬಾವಿಗೆ ಬೀಳುವುದೊಂದೇ ದಾರಿ ಎಂದು ನಾನು ನಿಜವಾಗಿಯೂ ಯೋಚಿಸಿದೆ. ಉತ್ಪ್ರೇಕ್ಷೆಯಲ್ಲ, ಯಾವ ಬಾವಿ ಎಂಬುದನ್ನೂ ಗೊತ್ತುಮಾಡಿಕೊಂಡಿದ್ದೆ.

ಗಲಾಟೆ ಕೇಳಿ ಟೀಚರು ಬಂದರು. ಸೋಮವಾರ, ಅವರ ಉಪವಾಸದ ದಿನ. ಆಗಷ್ಟೇ ಪೂಜೆ ಮುಗಿಸಿ ಎದ್ದಿದ್ದರಿಂದ ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ನನ್ನ ಮುಖ ನೋಡಿದರು, ದೀಪ ನೋಡಿದರು. ಹಾಡಿನ ಗುಂಡಿ ಅವರಿಗೆ ಕೂಡಲೇ ಹೊಳೆದಿರಬೇಕು.

"ಹುಡುಗಿದೇನೂ ತಪ್ಪಿಲ್ರೀ. ಗುಂಡಿ ನಾನು ತರಿಸಿದ್ದು. ಜಪಾನಿನೋರ ಪದ್ಧತಿ ಒಂದು ಪಾಠ ಮಾಡಾಕೆ ಬೇಕಾಗಿತ್ತು. ಯಾರ ಅಂಗೀದಾದ್ರೂ ತಗಂಬಾ ಅಂದಿದ್ದೆ" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಪಾದವನ್ನು ತುಳಿದರು. ಜೀವಮಾನವಿಡೀ ಬಾಯಿ ಬಿಡಿ ಎಂದವರು ಅವತ್ತೊಂದು ದಿನ ಬಾಯಿ ಮುಚ್ಚಿಸಿದರು.

ಹುಡುಗನ ತಾಯಿ ಅಷ್ಟಕ್ಕೆ ಬಿಡುವವರಲ್ಲ. ಅವರನ್ನಾದರೂ ಹೇಗೆ ಬಯ್ಯಲಿ, ಮಗ ಹಾಸಿಗೆ ಹಿಡಿದಿದ್ದ. ಆಣೆ ಇಡಬೇಕೆಂದರು. ಬರೀ ಆಣೆ ಸಾಲದು, ಸುಳ್ಳಾದರೆ ಏನು ಹೋಗಬೇಕೆಂಬುದನ್ನೂ ಹೆಸರಿಸಬೇಕು, ಅದು ನಮ್ಮ ಕಡೆಯ ಕ್ರಮ. ಟೀಚರಿಗೆ ಆಗತಾನೇ ನ್ಯಾಮತಿಯ ಒಂದು ಸಂಬಂಧ ಕುದುರಿ ಮದುವೆ ನಿಶ್ಚಯವಾಗಿತ್ತು. ಆ ತಾಯಿಗೂ ಅದು ತಿಳಿದಿತ್ತು. "ನಿನ್ನ ಮಡಿಲು ಅಂತ ಹೇಳವ್ವಾ" ಎಂದರು.

ಟೀಚರ ಮುಖ ಬಿಳಿಚಿಕೊಂಡಿತು. ಸೆರಗನ್ನು ಬಿಗಿದು ಸಿಕ್ಕಿಸಿ, ದೀಪದ ಮುಂದೆ ಮಂಡಿಯೂರಿ, ಅದನ್ನು ಮುಟ್ಟಿದರು.

"ಗುಂಡಿ ತರಿಸಿದ್ದು ನಾನೇ. ಸುಳ್ಳಾಡಿದ್ರೆ ನನ್ನ ಮಡಿಲು ತುಂಬದೇ ಹೋಗ್ಲಿ."

ಹುಡುಗನ ಹಳದಿ ಇಳಿಯಿತು, ಪರೀಕ್ಷೆಯೂ ಪಾಸಾಯಿತು. ನಾನೂ ಪಾಸಾದೆ. ಕಾಲೇಜು, ಟ್ರೈನಿಂಗು ಎಲ್ಲ ಮುಗಿದು ಒಂದು ಕೆಲಸವೂ ಸಿಕ್ಕಿತು. ಟೀಚರ ಕಥೆ ಬೇರೆ. ಹುಡುಗರ ಅಂಗಿಯ ಗುಂಡಿ ತರಿಸುವ ಮೇಷ್ಟ್ರಮ್ಮ ಎಂದು ಊರು ಆಡಿಕೊಂಡಿತು. ಅವರೇ ಕೇಳಿ ಜಗಳೂರಿಗೆ ವರ್ಗ ಮಾಡಿಸಿಕೊಂಡರು. ನ್ಯಾಮತಿಯವರು, ಪುಣ್ಯಾತ್ಮರು, ಮಾತಿಗೆ ತಪ್ಪದೆ ಮದುವೆಯಾದರು. ಎರಡು ಸಲ ಬಸಿರು ನಿಂತು, ಎರಡು ಸಲವೂ ಹೋಯಿತು.

ಎರಡನೆಯದು ಹೋದ ಸುದ್ದಿ ಕೇಳಿ ಜಗಳೂರಿನ ಬಸ್ಸು ಹತ್ತಿದೆ. ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ನಾನು ಅಳುತ್ತ, ಆ ತಾಯಿಯ ಮನೆಗೆ ಹೋಗಿ ನಿಜ ಹೇಳಿ ಆಣೆ ಇಳಿಸಿ ಬರುತ್ತೇನೆಂದೆ. ಡಾಕ್ಟರು ರಕ್ತದ ಕೊರತೆ ಎಂದಿದ್ದಾರೆ, ದೀಪಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೂ ನಾನೇ ಹೇಳಿದೆ. ಅವರು ಇತ್ತ ತಿರುಗಿದರು.

"ಬ್ಯಾಡ ಕಣೇ. ನನ್ ಮ್ಯಾಲಿಂದ ಇಳಿಸಿದ್ರೆ ಅದು ನಿನ್ ಮ್ಯಾಲೆ ಬರ್ತೈತೆ. ನಂದು ಹೆಂಗಿದ್ರೂ ಆತು. ಇಲ್ಲೇ ಇರ್ಲಿ ಬಿಡು."

ಆಗ ನನಗೆ ತಿಳಿಯಿತು. ರೇಡಿಯೊ ಕೇಳುವ, ಹಿಂದಿ ಓದಿದ ಹೆಂಗಸು, ಇದನ್ನೆಲ್ಲ ನಂಬುವವರಲ್ಲ, ಅದಕ್ಕೇ ಧೈರ್ಯವಾಗಿ ಮುಟ್ಟಿದರು ಎಂದುಕೊಂಡಿದ್ದೆ. ನಂಬದವರು ಮುಟ್ಟಿದರೆ ಅದೇನು ಮಹಾ? ಅವರು ನಂಬಿದ್ದರು. ಪೂರ್ತಿ ನಂಬಿಕೊಂಡೇ ಮುಟ್ಟಿದ್ದರು.

ನನಗೆ ಮಗಳು ಹುಟ್ಟಿದಾಗ ನೋಡಲು ಬಂದರು. ಬಾಣಂತಿ ಕೋಣೆಯೊಳಗೆ ಕಾಲಿಡಲೊಲ್ಲರು. ಹೊಸ್ತಿಲಾಚೆ ನಿಂತು, ತಮ್ಮ ನೆರಳು ಕೂಸಿನ ಮೇಲೆ ಬೀಳುವುದು ಬೇಡ ಎಂದರು. ಅಮ್ಮ, ಅಜ್ಜಿ ಇಬ್ಬರೂ ಅಲ್ಲೇ ಇದ್ದರು. ಇದ್ದರೆ ಇರಲಿ. ಎದ್ದು ಹೋಗಿ, ಅವರನ್ನು ಹೊಸ್ತಿಲ ಮೇಲೆ ಕೂರಿಸಿ, ಕೂಸನ್ನು ಅವರ ಮಡಿಲಿಗೆ ಹಾಕಿದೆ. ಗುಂಡಿ ನನಗಾಗಿ ನಾನೇ ಕೇಳಿ ಇಸಿದುಕೊಂಡದ್ದು ಎಂದು ಎಲ್ಲರೆದುರು ಹೇಳಿದೆ. ಟೀಚರು ನನ್ನ ಬಾಯಿ ಮುಚ್ಚಿಸಲು ಕೈಯೆತ್ತಿದರು. ಆದರೆ ಕೂಸು ಜಾರೀತೆಂದು ಆ ಕೈಯಿಂದಲೂ ಅದನ್ನೇ ಹಿಡಿದುಕೊಂಡರು.

ಈಗ ಅವರಿಲ್ಲ. ಹಾರ್ಟ್ ಅಟ್ಯಾಕು, ಶಾಲೆಯಿಂದ ಮನೆಗೆ ಬರುವ ದಾರಿಯಲ್ಲಿ. ಅವರನ್ನು ಮಣ್ಣು ಮಾಡುವಾಗ ಮಕ್ಕಳ ಜಾಗದಲ್ಲಿ ನಿಂತು ಮೊದಲ ಹಿಡಿ ಮಣ್ಣು ಹಾಕಿದವಳು ನನ್ನ ಮಗಳು.