ಗಿರಣಿ ಓಡುವಾಗ ಅಮ್ಮ ಕೇಳಿದ್ದು

ಈ ಬರಹದಲ್ಲಿ ತಪ್ಪುಗಳು ಕಂಡುಬಂದರೆ ಓದುವವರು ಮನ್ನಿಸಬೇಕು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಸಹಿಗಿಂತ ಉದ್ದವಾದದ್ದನ್ನು ಬರೆದವರಿಲ್ಲ. ಬರೆದದ್ದನ್ನು ತೋರಿಸಿ ಸರಿಯಿದೆಯೇ ಎಂದು ಕೇಳಲು ನನಗೆ ಯಾರೂ ಇರಲಿಲ್ಲ. ಪದವಿ ಪಡೆದು ಇಷ್ಟು ವರ್ಷಗಳಾದರೂ ಒಂದು ರಜಾ ಅರ್ಜಿಯನ್ನು ಮೂರು ಸಲ ಓದಿಯೇ ಕೊಡುತ್ತೇನೆ. ಇದನ್ನು ಅದಕ್ಕಿಂತ ಹೆಚ್ಚು ಸಲ ಓದಿದ್ದೇನೆ. ಆದರೂ ಆಗ ನನಗೆ ಏನನ್ನಿಸಿತು ಎಂದು ಬರೆಯಬೇಕಾದ ಕಡೆಗಳಲ್ಲಿ ಬರೆಯಲು ಏನೂ ಸಿಗಲಿಲ್ಲ. ಅದನ್ನೂ ಕೊರತೆಗಳ ಸಾಲಿಗೇ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ.

ಅಜ್ಜಂಪುರದಲ್ಲಿ ಅಪ್ಪನದು ಹಿಟ್ಟಿನ ಗಿರಣಿ. ಗಿರಣಿಗೂ ನಮ್ಮ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಗಿರಣಿ ಓಡುತ್ತಿರುವಾಗ ಮನೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ನಾನು ಒಬ್ಬಳೇ ಮಗಳು. ಕಡೂರಿನ ಒಂದು ಕಚೇರಿಯಲ್ಲಿ ಹೊರಗುತ್ತಿಗೆಯ ಕೆಲಸ. ಅರ್ಜಿದಾರರ ಹೆಸರು, ವಿಳಾಸ, ಫೋನ್ ಸಂಖ್ಯೆಗಳನ್ನು ಕಂಪ್ಯೂಟರಿಗೆ ಏರಿಸುತ್ತೇನೆ. ಬೆಳಿಗ್ಗೆ ಬೀರೂರಿನ ಮೇಲೆ ಬಸ್ಸಿನಲ್ಲಿ ಹೋಗಿ ಸಂಜೆ ಹಿಂದಿರುಗುತ್ತೇನೆ.

ಅಪ್ಪ ಅಮ್ಮ ಇಬ್ಬರಿಗೂ ಹೊಸ ಫೋನ್ ಕೊಡಿಸಿದ ದಿನ, ಎರಡಕ್ಕೂ ನನ್ನ ಅಕೌಂಟನ್ನೇ ಹಾಕಿದೆ. ಒಂದು ಮನೆ, ಒಂದು ಒಲೆ, ಒಂದು ರೇಷನ್ ಕಾರ್ಡು. ಅಕೌಂಟು ಮಾತ್ರ ಮೂರೇಕೆ ಎಂದುಕೊಂಡೆ. ಅವರು ಪಾಸ್‌ವರ್ಡ್ ಮರೆತರೆ ನಾನು ಕಡೂರಿನಲ್ಲಿರುತ್ತೇನೆ ಎಂಬ ಆತಂಕವೂ ಇತ್ತು. ಪರದೆಯ ಮೇಲೆ ಒಂದರ ಹಿಂದೊಂದು ಒಪ್ಪಿಗೆ ಕೇಳಲಾಯಿತು. ಎಲ್ಲದಕ್ಕೂ ‘ಒಪ್ಪುತ್ತೇನೆ’ ಎಂದು ಒತ್ತಿದೆ. ಆಡಿದ ಮಾತಿನ ಧ್ವನಿಯನ್ನು ಉಳಿಸಿಕೊಳ್ಳಬಹುದೇ ಎಂಬುದೂ ಅವುಗಳಲ್ಲಿ ಒಂದಾಗಿತ್ತೆಂದು ಬಹಳ ದಿನಗಳ ಮೇಲೆ ತಿಳಿಯಿತು. ಕಚೇರಿಯಲ್ಲಿ ತಂದೆಯ ಹೆಸರಿನ ಒಂದು ಅಕ್ಷರ ವ್ಯತ್ಯಾಸವಾದರೂ ಅರ್ಜಿಯನ್ನು ಹಿಂದಿರುಗಿಸುವವಳು ನಾನು. ಆ ದಿನ ಒಂದು ಸಾಲನ್ನೂ ಓದಲಿಲ್ಲ.

ಒಂದೇ ಅಕೌಂಟಾದ್ದರಿಂದ ಅಪ್ಪ ಸೇರಿಸಿಕೊಂಡ ಗಿರಾಕಿಗಳ ನಂಬರುಗಳೆಲ್ಲ ನನ್ನ ಫೋನಿಗೂ ಬಂದವು. ಅಪ್ಪ ಅವರನ್ನು ಬೀಸಿಸಿಕೊಳ್ಳುವ ಕಾಳಿನಿಂದ ಗುರುತಿಡುತ್ತಿದ್ದರು: ರಾಗಿ ಮೇಷ್ಟ್ರು, ಖಾರದಪುಡಿ ಅಜ್ಜಿ, ಅಕ್ಕಿಹಿಟ್ಟಿನ ಹೋಟ್ಲು. ಕಚೇರಿಯಲ್ಲಿ ಇದನ್ನು ಕಂಡು ಪಕ್ಕದ ಮೇಜಿನ ಸಹೋದ್ಯೋಗಿ ನಕ್ಕಾಗ ನಾನೂ ನಕ್ಕೆ. ಅಲ್ಲಿಂದ ಇಲ್ಲಿಗೆ ಬರುವಂತೆ ಬೇರೆ ಸಂಗತಿಗಳೂ ಬರಬಹುದೆಂದು ಯೋಚಿಸಲಿಲ್ಲ.

ಅಮ್ಮ ಓದಿದ್ದು ಎರಡನೆಯ ತರಗತಿಯವರೆಗೆ. ಟೈಪ್ ಮಾಡಲು ಬಾರದು. ಮೈಕಿನ ಗುರುತನ್ನು ತೋರಿಸಿ, ಇದನ್ನೊತ್ತಿ ಕೇಳಿದರೆ ಉತ್ತರ ಬರುತ್ತದೆ ಎಂದು ಹೇಳಿಕೊಟ್ಟೆ.

“ಏನಂತ ಕರೀಲೇ ಅದನ್ನ?” ಎಂದಳು ಅಮ್ಮ.

“ಏನೂ ಕರೀಬೇಡಮ್ಮ. ಸುಮ್ನೆ ಕೇಳು.”

“ಕರೀದೆ ಹೆಂಗೆ ಕೇಳಾದು? ಬೀದೀಲಿ ಹೋಗೋರ್ನ ಕೇಳಿದ್ರೂ ಅಣ್ಣಾ ಅಂತೀವಪ್ಪ.”

ಉತ್ತರ ಹೆಂಗಸಿನ ಧ್ವನಿಯಲ್ಲಿ ಬಂದಿತು. ಅಂದಿನಿಂದ ಅಮ್ಮ ಅದನ್ನು ‘ಅಕ್ಕಾ’ ಎಂದು ಕರೆಯತೊಡಗಿದಳು.

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಅಮ್ಮನ ಕೊರಳಿನ ದಾರ ಉದ್ದವಾಗಿರುವುದನ್ನು ಗಮನಿಸಿದೆ. ನಮ್ಮದು ಲಿಂಗ ಕಟ್ಟುವ ಮನೆತನ. ಲಿಂಗವಿರುವ ಬೆಳ್ಳಿಯ ಕರಡಿಗೆ ಎದೆಯ ಮೇಲೆ ಕೂರುವಂತೆ ದಾರ ಕಟ್ಟಿಕೊಳ್ಳುತ್ತೇವೆ, ಅದನ್ನು ಕಳಚಿಡುವಂತಿಲ್ಲ. ಅಮ್ಮನ ಕರಡಿಗೆ ಹೊಟ್ಟೆಯ ಹತ್ತಿರಕ್ಕೆ ಇಳಿದಿತ್ತು. ಕೇಳಿದ್ದಕ್ಕೆ, “ಹಳೇ ದಾರ ಸವೆದಿತ್ತು ಕಣೇ, ಹೊಸದು ಉದ್ದ ಆಯ್ತು” ಎಂದಳು. ನನಗೆ ಬಸ್ಸಿಗೆ ತಡವಾಗಿತ್ತು.

ಅದೇ ದಿನಗಳಲ್ಲಿ ನನ್ನ ಫೋನಿನಲ್ಲಿ ಆಸ್ಪತ್ರೆಗಳ ಜಾಹೀರಾತು ಕಾಣಿಸಿಕೊಳ್ಳತೊಡಗಿತು. ಸ್ತನದ ತಪಾಸಣೆ, ಗಂಟಿನ ಪರೀಕ್ಷೆ, ಮೊದಲ ಭೇಟಿ ಉಚಿತ. ಬಸ್ಸಿನ ವೇಳೆ ನೋಡಲು ಹೋದರೆ ಅದು, ಸೀರೆ ನೋಡಲು ಹೋದರೆ ಅದು. ಊಟದ ಹೊತ್ತಿನಲ್ಲಿ ಸಹೋದ್ಯೋಗಿ ಅದನ್ನು ಕಂಡು, “ಏನ್ರೀ, ಹುಷಾರಾಗಿದೀರಿ ತಾನೇ?” ಎಂದು ಮೆಲ್ಲಗೆ ಕೇಳಿದಳು. ನನಗೆ ನಾಚಿಕೆಯಾಯಿತು. ಪ್ರತಿ ಸಲವೂ ‘ಈ ಜಾಹೀರಾತು ಬೇಡ’ ಎಂದು ಒತ್ತುತ್ತಾ ಹೋದೆ.

ಆ ಹೊತ್ತಿಗೆ ಕಚೇರಿಯಿಂದ ನಮ್ಮನ್ನು ಅಂತರ್ಜಾಲದ ಸುರಕ್ಷತೆಯ ಬಗ್ಗೆ ಒಂದು ದಿನದ ತರಬೇತಿಗೆ ಕಳುಹಿಸಿದ್ದರು. ಜಾಹೀರಾತಿನವರು ಫೋನ್ ಬಳಸುವವರನ್ನು ಹೇಗೆ ಹಿಂಬಾಲಿಸುತ್ತಾರೆ, ಹೆದರಿಸಿ ಹೇಗೆ ಬಲೆಗೆ ಬೀಳಿಸುತ್ತಾರೆ ಎಂದೆಲ್ಲ ಬರೆದುಕೊಂಡು ಬಂದಿದ್ದೆ. ಮನೆಗೆ ಬಂದ ಸಂಜೆ ಅಪ್ಪ ಫೋನ್ ಹಿಡಿದು ಒಳಗೆ ಬಂದರು.

“ಏನಮ್ಮಾ ಇದು? ಗಂಡಸಿನ ಫೋನಿಗೆ ಹೆಂಗಸ್ರ ಆಸ್ಪತ್ರೆ ಕಳಿಸ್ತಾವ್ರಲ್ಲ! ರಾಗಿ ಮೇಷ್ಟ್ರು ನೋಡ್ಬುಟ್ಟು, ‘ಏನ್ರೀ ಯಜಮಾನ್ರೇ, ಯಾವಾಗ ಹೆರಿಗೆ’ ಅಂತಾರೆ. ಮಾನ ಹೋಯ್ತು.”

“ಸುಮ್ನೆ ಎಲ್ರಿಗೂ ಕಳಿಸ್ತಾರಪ್ಪ. ಹೆದರಿಸಿ ಆಸ್ಪತ್ರೆಗೆ ಕರೆಸೋ ಉಪಾಯ ಅದು” ಎಂದು ತರಬೇತಿಯ ಧಾಟಿಯಲ್ಲಿಯೇ ವಿವರಿಸಿದೆ.

ಅಮ್ಮ ಜರಡಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. “ಎಲ್ರಿಗೂ ಕಳಿಸ್ತಾರಾ?” ಎಂದಳು.

“ಎಲ್ರಿಗೂ ಕಣಮ್ಮ. ನಂಗೂ ಬರುತ್ತೆ. ಅದೆಲ್ಲ ನಿಜ ಅಲ್ಲ.”

“ಹಂಗಾದ್ರೆ ಸರಿ” ಎಂದು ಅಮ್ಮ ಒಳಗೆ ಹೋದಳು.

ತರಬೇತಿಯಲ್ಲಿ ಹೇಳಿದ ಒಂದು ಕೆಲಸ ಬಾಕಿ ಉಳಿದಿತ್ತು. ಅಕೌಂಟಿನೊಳಗೆ ಒಂದು ಪುಟವಿದೆ, ನೀವು ಹುಡುಕಿದ್ದೆಲ್ಲ ಅಲ್ಲಿರುತ್ತದೆ, ಆಗಾಗ ಅಳಿಸಿ ಎಂದಿದ್ದರು. ಅದನ್ನು ಮಾಡಲು ಮೂರು ವಾರ ಹಿಡಿಯಿತು. ಒಂದು ಭಾನುವಾರ ಮಧ್ಯಾಹ್ನ ಅಪ್ಪ ಅಮ್ಮ ಮಠಕ್ಕೆ ಹೋಗಿದ್ದಾಗ ಆ ಪುಟವನ್ನು ತೆರೆದೆ. ನಾನು ಹುಡುಕಿದ ಸೀರೆ, ಬಸ್ಸು, ಪರೀಕ್ಷೆಯ ಫಲಿತಾಂಶಗಳ ನಡುವೆ ನನ್ನದಲ್ಲದ ಸಾಲುಗಳಿದ್ದವು. ಪ್ರತಿಯೊಂದರ ಮುಂದೆಯೂ ದಿನಾಂಕ, ಗಂಟೆ, ನಿಮಿಷ, ಪಕ್ಕದಲ್ಲಿ ಕೇಳುವ ಗುಂಡಿ. ಒತ್ತಿದೆ.

ಮೊದಲು ಗಿರಣಿಯ ಸದ್ದು. ಅದರ ಮೇಲೆ ಅಮ್ಮನ ಧ್ವನಿ.

“ಅಕ್ಕಾ, ಕಡೂರ್ ಬಸ್ಸು ಬೀರೂರ್ ಬಿಡ್ತಾ?”

“ಅಕ್ಕಾ, ಎದೇಲಿ ಗಂಟಾದ್ರೆ ನೋವಿರಲ್ವಾ?”

“ಅಕ್ಕಾ, ಕರಡಿಗೆ ಒತ್ತಿ ಒತ್ತಿ ಗಂಟಾಗ್ತೈತಾ?”

“ದಾರ ಉದ್ದ ಮಾಡಿದ್ರೆ ಕರಗ್ತೈತಾ ಅಕ್ಕಾ?”

ಇನ್ನೊಂದು ಬಹಳ ಸಣ್ಣ ಧ್ವನಿಯಲ್ಲಿತ್ತು. “ಲಿಂಗದಿಂದ ಹಿಂಗಾಯ್ತು ಅಂದ್ಕಂಡ್ರೆ ಪಾಪ ಬತ್ತೈತಾ?”

ಎಲ್ಲದರಲ್ಲೂ ಗಿರಣಿ ಓಡುತ್ತಿತ್ತು. ಯಾರಿಗೂ ಕೇಳಿಸದ ಹೊತ್ತನ್ನು ಅಮ್ಮ ಆರಿಸಿಕೊಂಡಿದ್ದಳು. ಕೊನೆಯದು ನಾನು ಅಪ್ಪನಿಗೆ ವಿವರಿಸಿದ ಸಂಜೆಯದು, ಅರ್ಧ ಗಂಟೆಯ ನಂತರದ್ದು. “ಹೋಗ್ಲಿ ಬಿಡಕ್ಕಾ. ಎಲ್ರಿಗೂ ಕಳಿಸ್ತಾರಂತೆ.”

ಆಮೇಲೆ ಗಂಟಿನ ಬಗ್ಗೆ ಅಮ್ಮ ಏನನ್ನೂ ಕೇಳಿರಲಿಲ್ಲ.

ನಾನು ಅಳಲಿಲ್ಲ. ಎದ್ದು ನೀರು ಕುಡಿದೆ. ಗಂಟಿನ ಬಗ್ಗೆ ಕೇಳಿದ ಮೊದಲ ಸಾಲಿನ ದಿನಾಂಕದಿಂದ ಆ ಭಾನುವಾರಕ್ಕೆ ಎಷ್ಟು ದಿನಗಳಾದವು ಎಂದು ಕ್ಯಾಲೆಂಡರಿನಲ್ಲಿ ನೋಡಿದೆ. ಐವತ್ತೆರಡು. ನಾನು ‘ಬೇಡ’ ಎಂದು ಒತ್ತಿದ ಜಾಹೀರಾತುಗಳ ಲೆಕ್ಕ ಮಾತ್ರ ಎಲ್ಲಿಯೂ ಸಿಗಲಿಲ್ಲ.

ಮರುದಿನ ರಜೆ ಹಾಕಿ, ನನಗೆ ಹೊಟ್ಟೆನೋವು ಎಂದು ಸುಳ್ಳು ಹೇಳಿ, ಅಮ್ಮನನ್ನು ಜೊತೆಗೆ ತರೀಕೆರೆಗೆ ಕರೆದುಕೊಂಡು ಹೋದೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಬ್ಬರು ಲೇಡಿ ಡಾಕ್ಟರ್ ಇದ್ದರು. ಚೀಟಿಯಲ್ಲಿ ಅಮ್ಮನ ಹೆಸರು ಬರೆಸಿದೆ. ಕರೆದಾಗ ಅಮ್ಮ ನನ್ನ ಮುಖ ನೋಡಿದಳು.

“ನಿನ್ನನ್ನೂ ಒಂದ್ಸಲ ನೋಡ್ಲಿ ಅಂತ. ಈ ವಯಸ್ಸಿಗೆ ಎಲ್ಲ ಹೆಂಗಸರೂ ತೋರಿಸ್ಕೋಬೇಕು” ಎಂದೆ.

ಪರೀಕ್ಷಿಸಿದ ಡಾಕ್ಟರ್ ಕೈ ತೊಳೆದುಕೊಂಡು, “ಇದು ಯಾವಾಗಿಂದ ಇದೆ?” ಎಂದು ಕೇಳಿದರು.

“ಈಗೊಂದು ಎಂಟು ದಿನ ಆಯ್ತು ಕಣ್ರಮ್ಮ” ಎಂದಳು ಅಮ್ಮ.

ನಾನು ಸುಮ್ಮನಿರಬಹುದಿತ್ತು. ತಪ್ಪು ದಿನಾಂಕ ಕಂಡರೆ ತಿದ್ದುವುದು ನನಗೆ ಅಭ್ಯಾಸವಾಗಿತ್ತು. “ಕಾರ್ತಿಕದ ಮೊದಲ ಗುರುವಾರಕ್ಕಿಂತ ಮುಂಚಿನಿಂದ ಇದೆ, ಮೇಡಂ” ಎಂದೆ. “ಕರಡಿಗೆ ಒತ್ತಿ ಆಗಿದ್ದು ಅಂತ ದಾರ ಉದ್ದ ಮಾಡ್ಕೊಂಡಿದ್ದಾರೆ.”

ಕರಡಿಗೆಯಿಂದ ಗಂಟಾಗುವುದಿಲ್ಲ, ದಾರ ಉದ್ದ ಮಾಡಿದರೆ ಕರಗುವುದೂ ಇಲ್ಲ ಎಂದು ಡಾಕ್ಟರ್ ಅಮ್ಮನಿಗೆ ಸಮಾಧಾನವಾಗಿ ಹೇಳಿದರು. ಶಿವಮೊಗ್ಗಕ್ಕೆ ಚೀಟಿ ಬರೆದುಕೊಟ್ಟರು. ಅಮ್ಮ ಅವರ ಕಡೆ ನೋಡುತ್ತಿರಲಿಲ್ಲ.

ಹೊರಗೆ ಬಂದು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತ ಮೇಲೆ ಕೇಳಿದಳು. “ಆ ಫೋನು ಹೇಳ್ತಾ ನಿಂಗೆ?”

“ಅದು ಹೇಳಲ್ಲಮ್ಮ. ಬರೆದಿಟ್ಕೊಂಡಿರುತ್ತೆ. ನಾನು ಕೇಳಿಸ್ಕೊಂಡೆ.”

“ನನ್ ಬಾಯಲ್ಲೇ?”

“ಹೂಂ.”

ಅಜ್ಜಂಪುರದ ಬಸ್ಸು ಬಂದಿತು. ಹತ್ತಿ ಕುಳಿತ ಮೇಲೆ, ಸೆರಗಿನೊಳಗಿನಿಂದ ಫೋನ್ ತೆಗೆದು ನನ್ನ ಮಡಿಲಲ್ಲಿಟ್ಟಳು.

“ನಾನು ಅದಕ್ಕೆ ಹೇಳಿದ್ದು ಕಣೇ, ನಿಂಗಲ್ಲ. ನಿಂಗೆ ಹೇಳೋ ಹಂಗಿದ್ರೆ ನಿಂಗೇ ಹೇಳ್ತಿರ್ಲಿಲ್ವಾ?”

ನೀನು ಹೇಳಬೇಕಿತ್ತು ಎಂದು ನಾನು ಅನ್ನಲಿಲ್ಲ. ಅವಳು ಹೊಸ್ತಿಲಲ್ಲಿ ನಿಂತು ಕೇಳಿದಾಗ ಅದೆಲ್ಲ ನಿಜವಲ್ಲ ಎಂದವಳು ನಾನೇ. ಟಿಕೆಟ್ ಕೇಳಿದಾಗ ಎರಡು ಅಜ್ಜಂಪುರ ಎಂದೆ.

ನಂತರ ಆದದ್ದು ಇಷ್ಟು. ಶಿವಮೊಗ್ಗದಲ್ಲಿ ಅಮ್ಮನಿಗೆ ಶಸ್ತ್ರಚಿಕಿತ್ಸೆಯಾಯಿತು. ಗಂಟು ಕೆಟ್ಟದ್ದೇ ಆಗಿತ್ತು. ಐವತ್ತೆರಡು ದಿನ ತಡವಾದದ್ದರಿಂದ ವ್ಯತ್ಯಾಸವೇನಾದರೂ ಆಯಿತೇ ಎಂದು ನಾನು ಅಲ್ಲಿನ ವೈದ್ಯರನ್ನು ಕೇಳಿದೆ. ಈಗ ಅದನ್ನು ಹೇಳಲು ಬರುವುದಿಲ್ಲ ಎಂದರು. ಚಿಕಿತ್ಸೆ ಮುಗಿದಿದೆ, ಆರು ತಿಂಗಳಿಗೊಮ್ಮೆ ತೋರಿಸಬೇಕು. ತೋಳಿಗೂ ಲಿಂಗ ಕಟ್ಟಬಹುದೆಂದು ಮಠದ ಅಯ್ಯನವರು ಹೇಳಿದ್ದರಿಂದ ಕರಡಿಗೆ ಈಗ ಅಮ್ಮನ ಬಲತೋಳಿನಲ್ಲಿದೆ. ಅಪ್ಪನಿಗೆ ಬೇರೆ ಅಕೌಂಟು ಮಾಡಿಕೊಟ್ಟಿದ್ದೇನೆ. ಒಪ್ಪಿಗೆಯ ಸಾಲುಗಳನ್ನು ಒಂದೊಂದಾಗಿ ಓದಿ ಹೇಳಿದೆ, ಅವರು ಎಲ್ಲದಕ್ಕೂ ಬೇಡ ಎಂದರು. ಖಾರದಪುಡಿ ಅಜ್ಜಿ ಈಗ ನನ್ನ ಫೋನಿನಲ್ಲಿಲ್ಲ. ಅಮ್ಮ ಗುಂಡಿಯ ಫೋನಿಗೆ ಮರಳಿದ್ದಾಳೆ. ಅವಳ ಧ್ವನಿಗಳನ್ನೆಲ್ಲ ಅವಳ ಎದುರಿಗೇ ಅಳಿಸಿದೆ. ಪೂರ್ತಿ ಹೋಯಿತಾ ಎಂದು ಕೇಳಿದಳು. ಹೋಯಿತೆಂದು ಪರದೆ ಹೇಳುತ್ತದೆ ಎಂದೆ.

ಮೈಯ ವಿಷಯವೇನಾದರೂ ಇದ್ದರೆ ಅಮ್ಮ ಈಗ ನನಗೇ ಹೇಳುತ್ತಾಳೆ. ಹೇಳುವ ಮೊದಲು ನನ್ನ ಫೋನನ್ನು ಗಿರಣಿಯಲ್ಲಿಟ್ಟು ಬರಲು ಹೇಳುತ್ತಾಳೆ. ಇಟ್ಟು ಬರುತ್ತೇನೆ.